ಚಿಯಾಂಗ್ ಮಾಯ್ ಭಾನುವಾರದ ಸಂತೆ: ರಸ್ತೆಯಲ್ಲಿ ಕೊಳ್ಳಿ, ದೇವಸ್ಥಾನದ ಅಂಗಳದಲ್ಲಿ ತಿನ್ನಿ

ಥಾಯ್ಲೆಂಡಿನ ರಾತ್ರಿ ಸಂತೆ ಅಂದ ಕೂಡಲೇ ಎಲ್ಲರ ಫೋನಿನಲ್ಲೂ ಬರುವುದು ಬ್ಯಾಂಕಾಕಿನ ಜಾಡ್ ಫೇರ್ಸ್ ವಿಡಿಯೋಗಳೇ. ಎತ್ತರಕ್ಕೆ ಪೇರಿಸಿದ ಹಂದಿ ಮೂಳೆ, ಮೇಲೆ ಹಸಿಮೆಣಸಿನಕಾಯಿ ಹಾಕಿದ ಹುಳಿ ಸಾರು, ಸುತ್ತ ಫೋನ್ ಹಿಡಿದ ಜನ. ಇರಲಿ, ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ತಿನ್ನುವುದಕ್ಕೇ ಅಂತ ಒಂದು ಸಂಜೆ ಎತ್ತಿಡುವುದಾದರೆ ನನ್ನ ಓಟು ಉತ್ತರದ ಚಿಯಾಂಗ್ ಮಾಯ್‌ಗೆ, ಅಲ್ಲಿನ ಭಾನುವಾರದ ಸಂತೆಗೆ. ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಹೋಯಿತು ಅಂತ ಮುಂದೆ ಬರೆಯುತ್ತೇನೆ.

ಮೊದಲು ಜಾಗ ಹೇಳಿಬಿಡುತ್ತೇನೆ. ಚಿಯಾಂಗ್ ಮಾಯ್ ಹಳೇ ಊರು ಚೌಕಾಕಾರವಾಗಿದೆ, ಸುತ್ತ ನೀರು ತುಂಬಿದ ಕಂದಕ, ಒಂದೊಂದು ಬದಿ ಸುಮಾರು ಒಂದೂವರೆ ಕಿಲೋಮೀಟರ್. 1296ರಲ್ಲಿ ಮಂಗ್ರಾಯ್ ಅನ್ನುವ ರಾಜ ಕಟ್ಟಿಸಿದ ಊರು ಇದು. ಪೂರ್ವದ ಬಾಗಿಲಿಗೆ ಥಾ ಫೇ ಅಂತ ಹೆಸರು. ಭಾನುವಾರ ಸಂಜೆ ಅಲ್ಲಿಂದ ಒಳಗೆ ಹೋಗುವ ರಾಚದಮ್ನೋನ್ ರಸ್ತೆಯಲ್ಲಿ ಗಾಡಿ ಓಡಾಟ ನಿಲ್ಲಿಸಿ, ಆ ತುದಿಯ ವಾಟ್ ಫ್ರಾ ಸಿಂಗ್ ದೇವಸ್ಥಾನದ ಕಡೆಗೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಅಂಗಡಿ ಹಾಕುತ್ತಾರೆ. ಅಡ್ಡರಸ್ತೆಗಳಿಗೂ ಸಂತೆ ಹಬ್ಬಿಕೊಂಡಿರುತ್ತದೆ. ಬಟ್ಟೆ, ಸೋಪು, ಕೈಚೀಲ, ಮರದ ಆನೆ, ಕಾಗದದ ದೀಪ, ಎಲ್ಲಾ ಇದೆ. ಅದರ ಬಗ್ಗೆ ನಾನು ಬರೆಯುವುದಿಲ್ಲ. ನಮ್ಮ ಮನೆಯವರು ಕೊಂಡ ಆನೆ ಚಿತ್ರದ ಪ್ಯಾಂಟಿನ ಬಗ್ಗೆಯಂತೂ ಖಂಡಿತ ಬರೆಯುವುದಿಲ್ಲ.

ಊಟದ ವಿಷಯಕ್ಕೆ ಬರೋಣ. ಹೆಚ್ಚಿನ ಪ್ರವಾಸಿಗರು ಮುಖ್ಯ ರಸ್ತೆಯ ಬದಿಯಲ್ಲಿ ಸಿಕ್ಕಿದ್ದನ್ನು ಕಡ್ಡಿಯಲ್ಲಿ ಚುಚ್ಚಿಸಿಕೊಂಡು, ನಡೆಯುತ್ತಾ, ಪಕ್ಕದವರ ಮೊಣಕೈ ತಗುಲಿಸಿಕೊಂಡು ತಿನ್ನುತ್ತಾರೆ. ಅದು ಬೇಡ. ರಸ್ತೆಯ ಎರಡೂ ಕಡೆ ದೇವಸ್ಥಾನಗಳಿವೆ, ವಾಟ್ ಅಂತಾರೆ. ಭಾನುವಾರ ಸಂಜೆ ಅವುಗಳ ಅಂಗಳವೇ ತಿಂಡಿ ಬೀದಿ. ಥಾ ಫೇ ಕಡೆಯಿಂದ ಬಂದರೆ ವಾಟ್ ಫಾನ್ ಆನ್ ಅಂತ ಒಂದು ಸಿಗುತ್ತದೆ, ಬಂಗಾರದ ಬಣ್ಣದ ಸ್ತೂಪ ಇರುವುದು, ಅದರ ಅಂಗಳ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಇಲ್ಲಿ ಅಂಗಡಿಗಳು ಒತ್ತೊತ್ತಾಗಿವೆ, ಒಬ್ಬೊಬ್ಬರು ಒಂದೋ ಎರಡೋ ಐಟಂ ಮಾತ್ರ ಮಾಡುತ್ತಾರೆ, ಎಲ್ಲಾ ನಿಮ್ಮ ಕಣ್ಣೆದುರೇ ಆಗುತ್ತದೆ, ಕೂರುವುದಕ್ಕೆ ಗಿಡ್ಡ ಟೇಬಲ್ಲು ಕುರ್ಚಿಗಳೂ ಇವೆ. ಬೇಗ ಹೋದರೆ.

ನಮ್ಮ ಜೊತೆ ಅತ್ತೆ ಬಂದಿದ್ದರು. ಅತ್ತೆ ಶುದ್ಧ ಸಸ್ಯಾಹಾರಿ. ಮನೆಯವರು ಹೊರಗಡೆ ಎಲ್ಲಾ ತಿನ್ನುತ್ತಾರೆ, ಮನೆಯಲ್ಲಿ ಇಲ್ಲ. ನಾನು ಮೀನಿನ ಊರಿನವಳು, ನನ್ನದು ಹೇಳುವುದೇ ಬೇಡ. ಹಾಗಾಗಿ ಈ ವಿಮರ್ಶೆ ಮೂರೂ ತರಹದವರಿಗೆ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಲೆಕ್ಕ. ಅಂಗಳದೊಳಗೆ ಕಾಲಿಟ್ಟ ಕೂಡಲೇ ಅತ್ತೆ ನಿಂತೇಬಿಟ್ಟರು. ಒಂದು ಕಡೆ ಬುದ್ಧನ ಗುಡಿ, ದೀಪ, ಊದುಬತ್ತಿ. ಅದರಿಂದ ಹತ್ತು ಹೆಜ್ಜೆಗೆ ಕೆಂಡದ ಮೇಲೆ ಹಂದಿ ಮಾಂಸದ ಕಡ್ಡಿಗಳು. "ದೇವಸ್ಥಾನದಲ್ಲೇನೇ ಇದೆಲ್ಲಾ?" ಅಂದರು. ಹೌದು ಅತ್ತೆ, ಇಲ್ಲಿ ಹಾಗೇ. ಥಾಯ್ ಬೌದ್ಧ ಭಿಕ್ಷುಗಳು ಬೆಳಗ್ಗೆ ಭಿಕ್ಷೆಗೆ ಹೊರಡುತ್ತಾರೆ, ಜನ ಏನು ಹಾಕುತ್ತಾರೋ ಅದನ್ನು ಉಣ್ಣುತ್ತಾರೆ, ಅದರಲ್ಲಿ ಮಾಂಸವೂ ಇರುತ್ತದೆ. ಮಧ್ಯಾಹ್ನದ ಮೇಲೆ ಮಾತ್ರ ಊಟ ಮುಟ್ಟುವಂತಿಲ್ಲ. ಅತ್ತೆಗೆ ಮಾಂಸದ ವಿಷಯ ಕೊನೆಗೂ ಸರಿ ಅನ್ನಿಸಲಿಲ್ಲ, ಆದರೆ ಆ ಮಧ್ಯಾಹ್ನದ ನಿಯಮ ಬಹಳ ಮೆಚ್ಚಿಕೆಯಾಯಿತು.

ಈಗ ಖನೊಮ್ ಕ್ರೊಕ್. ಇದನ್ನು ತಿನ್ನದೆ ವಾಪಸ್ ಬರಬೇಡಿ. ಕೆಂಡದ ಮೇಲೆ ಗುಳಿಗುಳಿಯಾದ ದೊಡ್ಡ ಕಬ್ಬಿಣದ ಹಂಚು. ನೋಡಿದ ತಕ್ಷಣ ಅತ್ತೆ "ಅಯ್ಯೋ, ಇದು ನಮ್ಮ ಪಡ್ಡಿನ ಹಂಚಲ್ವಾ!" ಅಂತ ಮುಂದೆ ನುಗ್ಗಿದರು. ಹಂಚು ಅದೇ, ಮಾಡುವ ರೀತಿ ಮಾತ್ರ ಬೇರೆ. ಆ ಹೆಂಗಸು ಒಂದು ಉದ್ದ ಮೂತಿಯ ಪಾತ್ರೆಯಿಂದ ತೆಳ್ಳಗಿನ ಅಕ್ಕಿ ಹಿಟ್ಟು ಗುಳಿಗೆ ಮುಕ್ಕಾಲು ಸುರಿಯುತ್ತಾಳೆ. ಅದು ಅಂಚಿನಲ್ಲಿ ಗಟ್ಟಿಯಾಗುವಷ್ಟರಲ್ಲಿ ಮೇಲಿಂದ ಗಟ್ಟಿ ತೆಂಗಿನ ಹಾಲು, ಉಪ್ಪು ಸಕ್ಕರೆ ಎರಡೂ ಹಾಕಿದ್ದು, ಒಂದೊಂದು ಚಮಚ. ಕೆಲವಕ್ಕೆ ಜೋಳದ ಕಾಳು, ಕೆಲವಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಕೆಲವಕ್ಕೆ ಬೇಯಿಸಿದ ಕೆಸುವಿನ ಗೆಡ್ಡೆ. ಮುಚ್ಚಳ ಹಾಕುತ್ತಾಳೆ. ತೆಗೆದಾಗ ತಳ ಗರಿಗರಿ, ನಡುವೆ ಇನ್ನೂ ಕೆನೆ ಅಲುಗಾಡುತ್ತಾ ಇರುತ್ತದೆ. ನಾವು ಪಡ್ಡನ್ನು ಮಗುಚುತ್ತೇವೆ, ಇವರು ಮಗುಚುವುದಿಲ್ಲ. ಚಮಚದಲ್ಲಿ ಎಬ್ಬಿಸಿ ಒಂದರ ಮೇಲೊಂದು ಕವುಚಿ ಜೋಡಿ ಮಾಡಿ ಪೊಟ್ಟಣಕ್ಕೆ ಹಾಕುತ್ತಾರೆ. 20–30 ಬಾಟ್‌ಗೆ ಒಂದು ಪೊಟ್ಟಣ. ಒಂದು ಎಚ್ಚರಿಕೆ: ಹೊರಗೆ ಮುಟ್ಟಿದರೆ ಬೆಚ್ಚಗೆ ಅಷ್ಟೇ ಅನ್ನಿಸುತ್ತದೆ, ಒಳಗಿನ ತೆಂಗಿನ ಹಾಲು ಕುದಿಯುತ್ತಿರುತ್ತದೆ. ನಮ್ಮ ಮನೆಯವರ ನಾಲಿಗೆ ಅದನ್ನು ಎರಡು ದಿನ ನೆನಪಿಟ್ಟುಕೊಂಡಿತ್ತು. ಅತ್ತೆ ಎರಡನೇ ಪೊಟ್ಟಣ ತೆಗೆದುಕೊಂಡರು, ಆಮೇಲೆ ಅಲ್ಲೇ ನಿಂತು ಆ ಹೆಂಗಸು ಮಾಡುವುದನ್ನೇ ನೋಡಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಆದರೂ ಅವಳು ಹಿಟ್ಟಿನ ಪಾತ್ರೆ ಬಗ್ಗಿಸಿ ಎಷ್ಟು ತೆಳ್ಳಗಿದೆ ಅಂತ ತೋರಿಸಿದಳು, ಇವರು ತಲೆ ಆಡಿಸಿದರು.

ಸರಿಯಾಗಿ ಆರು ಗಂಟೆಗೆ ಒಂದು ವಿಷಯ ನಡೆಯುತ್ತದೆ, ಗೊತ್ತಿರಲಿ. ಮೈಕಿನಲ್ಲಿ ರಾಷ್ಟ್ರಗೀತೆ ಬರುತ್ತದೆ. ಇಡೀ ಸಂತೆ ನಿಂತುಬಿಡುತ್ತದೆ. ಚೌಕಾಸಿ ಮಾಡುತ್ತಿದ್ದವರು, ಹಣ ಎಣಿಸುತ್ತಿದ್ದವರು, ಬಾಯಲ್ಲಿ ತುತ್ತಿಟ್ಟವರು, ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಚಮಚ ಕೈಯಲ್ಲೇ ಹಿಡಿದು ನೆಟ್ಟಗೆ ನಿಂತ ಅಂಗಡಿಯವಳ ಎದುರು ಹಂಚು ಮಾತ್ರ ಚುರ್‌ಗುಡುತ್ತಾ ಇರುತ್ತದೆ. ಒಂದು ನಿಮಿಷ ಆದ ಮೇಲೆ ಏನೂ ಆಗದವರ ಹಾಗೆ ಎಲ್ಲಾ ಮತ್ತೆ ಶುರು. ನೀವೂ ನಿಂತುಕೊಳ್ಳಿ. ಫೋನ್ ತೆಗೆದು ವಿಡಿಯೋ ಮಾಡುತ್ತಾ ಓಡಾಡುವುದು ಚೆನ್ನಾಗಿ ಕಾಣುವುದಿಲ್ಲ.

ಸಸ್ಯಾಹಾರಿಗಳ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಥಾಯ್ ಅಡುಗೆಯಲ್ಲಿ ತರಕಾರಿ ಬೇಕಾದಷ್ಟಿದೆ, ತೊಂದರೆ ತರಕಾರಿಯದ್ದಲ್ಲ. ನಾಮ್ ಪ್ಲಾದ್ದು. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ಕಂದು ರಸ ಅದು, ಅಲ್ಲಿಯವರಿಗೆ ಉಪ್ಪಿನ ಬದಲು ಅದೇ. ಬರೀ ತರಕಾರಿ ಹುರಿದು ಕೊಡಿ ಅಂದರೂ ಕೈ ತಾನಾಗಿ ಆ ಬಾಟಲಿಗೆ ಹೋಗುತ್ತದೆ. ಅದು ಇಲ್ಲದಿದ್ದರೆ ಸಿಂಪಿ ಸಾಸ್, ಅಂದರೆ ಆಯ್ಸ್ಟರ್ ಸಾಸ್. "ವೆಜಿಟೇರಿಯನ್" ಅಂತ ಇಂಗ್ಲಿಷಿನಲ್ಲಿ ಹೇಳಿದರೆ ನಗುತ್ತಾ ತಲೆ ಆಡಿಸುತ್ತಾರೆ, ಅದನ್ನು ನಂಬಬೇಡಿ. ಕೇಳಬೇಕಾದದ್ದು "ಜೇ". ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ ಬರೆದ ಬೋರ್ಡು ಇರುತ್ತದೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಜೇ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಅದರ ಮೇಲೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಮನೆಗಳವರಿಗೆ ಇದಕ್ಕಿಂತ ಸಲೀಸು ಇನ್ನೇನು ಬೇಕು. ಬಾಣಲೆ ಬೇರೆ ಇದೆಯಾ ಅಂತ ನೋಡುವವರು ಆ ಬೋರ್ಡಿರುವ ಅಂಗಡಿಯಲ್ಲೇ ತಿನ್ನಿ, ಬೇರೆ ಕಡೆ ವಿಶೇಷವಾಗಿ ಮಾಡಿಸಿಕೊಳ್ಳುವುದಕ್ಕೆ ಹೋಗಬೇಡಿ. ಅಷ್ಟು ಕಟ್ಟುನಿಟ್ಟು ಇಲ್ಲದಿದ್ದರೆ "ಮೈ ಸೈ ನಾಮ್ ಪ್ಲಾ" ಅಂದರೆ ಸಾಕು, ಮೀನಿನ ರಸ ಹಾಕಬೇಡಿ ಅಂತ ಅರ್ಥ. ಮೊಟ್ಟೆ ಬೇಡದಿದ್ದರೆ "ಮೈ ಸೈ ಖೈ". ಬಾಳೆಹಣ್ಣಿನ ರೋಟಿ ಕೊಳ್ಳುವಾಗ ಇದು ಮುಖ್ಯ. ಆ ರೋಟಿಯ ಒಳಗೆ ಬಾಳೆಹಣ್ಣಿನ ಜೊತೆ ಮೊಟ್ಟೆ ಒಡೆದು ಹಾಕುವುದು ಅಲ್ಲಿ ಮಾಮೂಲಿ, ಕೆಲವರು ಹಿಟ್ಟಿಗೇ ಹಾಕಿ ಕಲಸಿರುತ್ತಾರೆ. ಅತ್ತೆ ಕೇಳಿ ವಿಚಾರಿಸಿ ಕೊನೆಗೆ ರೋಟಿಯನ್ನೇ ಬಿಟ್ಟರು. ಮಂದ ಹಾಲು ಸುರಿದು, ಸಕ್ಕರೆ ಉದುರಿಸಿ, ಚೌಕ ಚೌಕ ಕತ್ತರಿಸಿ ಕೊಟ್ಟದ್ದನ್ನು ನಾನೊಬ್ಬಳೇ ತಿಂದೆ. ಬೇಜಾರೇನೂ ಆಗಲಿಲ್ಲ.

ಸೋಮ್ ತಮ್, ಅಂದರೆ ಪರಂಗಿಕಾಯಿ ಕೋಸಂಬರಿ. ಮಣ್ಣಿನ ಒರಳು, ಮರದ ಒನಕೆ. ಮೊದಲು ಬೆಳ್ಳುಳ್ಳಿ ಮೆಣಸಿನಕಾಯಿ ಕುಟ್ಟಿ, ತಾಳೆ ಬೆಲ್ಲ, ನಿಂಬೆ, ಟೊಮೇಟೊ, ಉದ್ದ ಅಲಸಂದೆ ಕಾಯಿ, ಒಣ ಸಿಗಡಿ, ಕಡಲೆಕಾಯಿ ಬೀಜ, ಆಮೇಲೆ ಎಳೆ ಎಳೆಯಾಗಿ ಕೊಚ್ಚಿದ ಹಸಿರು ಪರಂಗಿ. ಕುಟ್ಟುವುದು ಜಜ್ಜುವುದಕ್ಕಲ್ಲ, ರಸ ಹಿಡಿಯಲಿ ಅಂತ, ಅದಕ್ಕೇ ಒಂದು ಕೈಯಲ್ಲಿ ಒನಕೆ ಇನ್ನೊಂದು ಕೈಯಲ್ಲಿ ಚಮಚ ಹಿಡಿದು ತಿರುವುತ್ತಲೇ ಇರುತ್ತಾರೆ. ಅಂಗಡಿಯಾಕೆ ನನ್ನ ಮುಖ ನೋಡಿ ಒಂದು ಬೆರಳು ಎತ್ತಿದರು. ಒಂದು ಮೆಣಸಿನಕಾಯಿ ಸಾಕಾ ಅಂತ. ನಾವು ಜೀರಿಗೆ ಮೆಣಸು ಕಂಡವರು, ಮೂರು ಅಂದೆ. ಆಕೆ ನಕ್ಕು ಮೂರು ಹಾಕಿದರು. ಖಾರ ಸರಿಯಾಗಿ ಏರಿತು, ಮೂಗಲ್ಲಿ ನೀರು ಬಂತು, ಆದರೆ ಹುಳಿ, ಸಿಹಿ, ಉಪ್ಪು ಮೂರೂ ಅದರ ಜೊತೆಗೇ ಬರುವುದರಿಂದ ತಿನ್ನುವುದು ನಿಲ್ಲಿಸಲು ಆಗುವುದಿಲ್ಲ. ಮೆಣಸಿನಕಾಯಿಯೂ ಪರಂಗಿಯೂ ಎರಡೂ ಅಮೆರಿಕ ಖಂಡದಿಂದ ಬಂದವು, ಅಲ್ಲಿಗೂ ಹಾಗೇ, ನಮಗೂ ಹಾಗೇ. ಇಷ್ಟು ಹಚ್ಚಿಕೊಂಡ ಮೇಲೆ ಎಲ್ಲಿಂದ ಬಂತು ಅಂತ ಯಾರು ಕೇಳುತ್ತಾರೆ ಬಿಡಿ.

ಉತ್ತರದ್ದೇ ಆದ ತಿಂಡಿಗಳಲ್ಲಿ ಎರಡು. ಸಾಯ್ ಉವಾ ಅಂತ ಹಂದಿ ಮಾಂಸದ ಸಾಸೇಜು, ಸುರುಳಿ ಸುತ್ತಿ ಕೆಂಡದ ಮೇಲೆ ಇಟ್ಟಿರುತ್ತಾರೆ. ಒಳಗೆ ಮಜ್ಜಿಗೆಹುಲ್ಲು, ಒರಟು ಸಿಪ್ಪೆಯ ಕಾಡುನಿಂಬೆಯ ಎಲೆ, ಅರಿಶಿನ, ಒಣಮೆಣಸು. ಒಂದು ತುಂಡು ಬಾಯಿಗೆ ಹಾಕಿದರೆ ಮಾಂಸಕ್ಕಿಂತ ಮೊದಲು ಆ ಎಲೆಯ ಘಮ ಬರುತ್ತದೆ. ಇದರ ಜೊತೆ ಅಂಟು ಅಕ್ಕಿಯ ಅನ್ನ ತೆಗೆದುಕೊಳ್ಳಿ, ಕೈಯಲ್ಲಿ ಸಣ್ಣ ಉಂಡೆ ಮಾಡಿ ತಿನ್ನಿ. ಉತ್ತರದವರು ತಿನ್ನುವುದೂ ಹಾಗೇ, ಯಾರೂ ನಿಮ್ಮನ್ನು ನೋಡಿ ಹುಬ್ಬೇರಿಸುವುದಿಲ್ಲ. ಇನ್ನೊಂದು ಖಾವ್ ಸೋಯ್. ತೆಂಗಿನ ಹಾಲಿನ ಮಸಾಲೆ ಸಾರಿನಲ್ಲಿ ಮೊಟ್ಟೆ ನೂಡಲ್ಸು, ಮೇಲೆ ಕರಿದ ಗರಿಗರಿ ನೂಡಲ್ಸು, ಪಕ್ಕದಲ್ಲಿ ಉಪ್ಪಿನಕಾಯಿ ಹಾಕಿದ ಸಾಸಿವೆ ಸೊಪ್ಪು, ಹಸಿ ಸಣ್ಣ ಈರುಳ್ಳಿ, ನಿಂಬೆ. ಚೀನಾದ ಯುನ್ನಾನ್ ಕಡೆಯಿಂದ ಬಂದ ಮುಸ್ಲಿಂ ವ್ಯಾಪಾರಿಗಳ ಜೊತೆ ಬಂದದ್ದು ಅಂತ ಹೇಳುತ್ತಾರೆ. ಆದರೆ ಇದನ್ನು ಸಂತೆಯಲ್ಲಿ ತಿನ್ನಬೇಡಿ ಅನ್ನುವುದು ನನ್ನ ಅಭಿಪ್ರಾಯ. ಪ್ಲಾಸ್ಟಿಕ್ ಬಟ್ಟಲಲ್ಲಿ ಅರ್ಧ ಬಿಸಿ ಸಾರು ಹಿಡಿದು ನಿಂತು ತಿನ್ನುವ ಐಟಂ ಅಲ್ಲ ಅದು. ಮಧ್ಯಾಹ್ನ ಯಾವುದಾದರೂ ಖಾವ್ ಸೋಯ್ ಅಂಗಡಿಯಲ್ಲಿ ಕೂತು ತಿನ್ನಿ, ಅವರಲ್ಲಿ ಬಹಳಷ್ಟು ಜನ ಸಂಜೆಯೊಳಗೆ ಬಾಗಿಲು ಹಾಕುತ್ತಾರೆ.

ಕೆಟ್ಟದ್ದೂ ಹೇಳಬೇಕಲ್ಲ. ಮುಖ್ಯ ರಸ್ತೆಯ ಒಂದು ಅಂಗಡಿಯಲ್ಲಿ ಪ್ಯಾಡ್ ಥಾಯ್ ತೆಗೆದುಕೊಂಡೆವು. ಆಗಲೇ ಮಾಡಿ ರಾಶಿ ಹಾಕಿದ್ದನ್ನು ಬಾಣಲೆಯಲ್ಲಿ ಸುಮ್ನೆ ಒಂದು ಸುತ್ತು ತಿರುಗಿಸಿ ಕೊಟ್ಟರು. ನೂಡಲ್ಸು ಮುದ್ದೆ ಕಟ್ಟಿತ್ತು, ಹುಣಸೆಹುಳಿಯ ಸುಳಿವೇ ಇಲ್ಲ, ಬರೀ ಸಕ್ಕರೆ. ಪ್ಯಾಡ್ ಥಾಯ್ ಅಷ್ಟೇನೂ ಹಳೆಯ ತಿಂಡಿ ಅಲ್ಲ, ಫಿಬುನ್‌ಸೊಂಗ್‌ಖ್ರಾಮ್ ಪ್ರಧಾನಿಯಾಗಿದ್ದ ಕಾಲದಲ್ಲಿ, 1940ರ ಆಸುಪಾಸು, ಇದು ನಮ್ಮ ದೇಶದ ತಿಂಡಿ ಅಂತ ಸರ್ಕಾರವೇ ಹಿಂದೆ ನಿಂತು ಪ್ರಚಾರ ಮಾಡಿದ್ದು. ಚೆನ್ನಾಗಿ ಮಾಡಿದರೆ ಬಹಳ ರುಚಿ. ಒಂದು ಪ್ಲೇಟು, ಒಂದು ಬಾಣಲೆ, ಜೋರು ಬೆಂಕಿ, ಹಾಗೆ ಮಾಡುವವರ ಹತ್ತಿರ ಮಾತ್ರ ಕೊಳ್ಳಿ. ರಾಶಿ ಕಂಡರೆ ಮುಂದೆ ನಡೆಯಿರಿ, ಈ ನಿಯಮ ಸಂತೆಯ ಎಲ್ಲಾ ತಿಂಡಿಗೂ ಆಗುತ್ತದೆ.

ಮಾವಿನಹಣ್ಣು ಅಂಟು ಅನ್ನದ ಬಗ್ಗೆ ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ, ಆದರೆ ಅನ್ನವನ್ನು. ಹಬೆಯಲ್ಲಿ ಬೆಂದ ಅಂಟು ಅಕ್ಕಿಗೆ ಉಪ್ಪು ಸಕ್ಕರೆ ಬೆರೆಸಿದ ತೆಂಗಿನ ಹಾಲು ಕುಡಿಸಿ, ಮೇಲೆ ಹುರಿದ ಹೆಸರುಬೇಳೆ ಉದುರಿಸಿ ಕೊಡುತ್ತಾರೆ. ಆ ಉಪ್ಪೇ ಇದರ ಗುಟ್ಟು. ಮಾವು ಮಾತ್ರ, ನಾವು ಹೋದದ್ದು ಡಿಸೆಂಬರಿನಲ್ಲಿ, ಚಪ್ಪೆ. ರಸಪುರಿ, ಬಾದಾಮಿ ತಿಂದ ನಾಲಿಗೆಗೆ ಏನೂ ಅನ್ನಿಸಲಿಲ್ಲ. ಅಲ್ಲಿಯ ನಾಮ್ ಡೋಕ್ ಮಾಯ್ ಮಾವಿನ ಸೀಸನ್ನೂ ನಮ್ಮ ಹಾಗೇ ಬೇಸಿಗೆ. ಬೇಸಿಗೆಗೆ ಹೋಗೋಣ ಅಂದರೆ ಇನ್ನೊಂದು ತಲೆನೋವು: ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಸುತ್ತಲಿನ ಹೊಲ ಕಾಡುಗಳಲ್ಲಿ ಬೆಂಕಿ ಹಾಕಿ, ಚಿಯಾಂಗ್ ಮಾಯ್ ಮೇಲೆ ದಟ್ಟ ಹೊಗೆ ಕವಿದಿರುತ್ತದೆ. ಉಬ್ಬಸ ಇರುವವರು ಆಗ ಹೋಗಲೇಬೇಡಿ. ಮಾವೂ ಬೇಕು ಗಾಳಿಯೂ ಬೇಕು ಅಂದರೆ ಮೇ ತಿಂಗಳು, ಮಳೆ ಶುರುವಾದ ಮೇಲೆ. ಸೆಕೆ ಇರುತ್ತದೆ, ಸಹಿಸಿಕೊಳ್ಳಬೇಕು.

ಕುಡಿಯುವುದಕ್ಕೆ ಶಂಖಪುಷ್ಪದ ಶರಬತ್ತು. ಲೋಟದಲ್ಲಿ ಕಡು ನೀಲಿ, ನಿಂಬೆ ಹಿಂಡಿದ ಕಡೆಯಿಂದ ನೇರಳೆ ಬಣ್ಣ ಇಳಿಯುತ್ತಾ ಹೋಗುತ್ತದೆ. ರುಚಿ ನಿಂಬೆ ಪಾನಕದ್ದೇ, ಹೂವಿನದ್ದೇನೂ ಇಲ್ಲ, ಆದರೂ ನೋಡುವುದಕ್ಕೆ ಚೆಂದ. ಥಾಯ್ ಟೀ ನನಗೆ ಸಿಹಿ ಜಾಸ್ತಿ ಆಯಿತು. ಹುಳು, ಮಿಡತೆ ಕರಿದದ್ದೂ ಇತ್ತು, ಮನೆಯವರು ಬಿದಿರು ಹುಳು ಒಂದು ತಿಂದು ಹಪ್ಪಳದ ಪುಡಿ ತಿಂದಂತಿದೆ ಅಂದರು. ಅತ್ತೆ ಆ ಹೊತ್ತು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು.

ಕಳೆದ ಒಂದು ಸ್ಟಾರ್ ಜನಸಂದಣಿಗೆ. ಏಳು ಗಂಟೆ ದಾಟಿದರೆ ರಸ್ತೆಯಲ್ಲಿ ನಡೆಯುವುದಲ್ಲ, ಹಿಂದಿನವರು ತಳ್ಳಿದಷ್ಟು ಮುಂದೆ ಹೋಗುವುದು. ನಡುವೆ ಸಾಲಾಗಿ ಕೂತು ಹಾಡುವ ಅಂಧ ಕಲಾವಿದರಿಗೂ ಜನ ಎಡವುತ್ತಾರೆ. ಕಸದ ಬುಟ್ಟಿ ಹುಡುಕಿ ಹುಡುಕಿ ಸಾಕಾಗುತ್ತದೆ, ಖಾಲಿ ಕಡ್ಡಿ ಲೋಟ ಹಿಡಿದುಕೊಂಡೇ ಅರ್ಧ ಸಂತೆ ನೋಡಿದೆ. ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ಐದು ಗಂಟೆಗೇ ಹೋಗಿ, ಮೊದಲು ಅಂಗಳದಲ್ಲಿ ತಿಂದು ಮುಗಿಸಿ, ಆಮೇಲೆ ಬೇಕಿದ್ದರೆ ಅಂಗಡಿ ನೋಡಿ. ಅತ್ತೆಯ ಕಾಲು ಸೋತಾಗ ರಸ್ತೆ ಬದಿಯ ಒರಗು ಕುರ್ಚಿಯಲ್ಲಿ ಕೂರಿಸಿ ಕಾಲು ಒತ್ತಿಸಿದೆವು, ಅರ್ಧ ಗಂಟೆಗೆ ನೂರು ನೂರೈವತ್ತು ಬಾಟ್ ಆಗುತ್ತದೆ. ಮೊದಲು ಸಂಕೋಚ, ಆಮೇಲೆ ನಿದ್ದೆ.

ದುಡ್ಡಿನ ಲೆಕ್ಕ: ಒಂದು ಬಾಟ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಡಿಗಳು 20ರಿಂದ 60 ಬಾಟ್ ಒಳಗೆ, ಮಾವಿನ ಅನ್ನ ಸ್ವಲ್ಪ ಜಾಸ್ತಿ. ಅಲ್ಲಿಯವರು ಎಲ್ಲಾ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ನೀವು ನೋಟು ಒಯ್ಯಿರಿ, 20ರ ಮತ್ತು 100ರದ್ದು. ಎಟಿಎಂನಲ್ಲಿ ನಮ್ಮ ಕಾರ್ಡಿಗೆ ಪ್ರತಿ ಸಲ 200 ಬಾಟ್‌ಗೂ ಹೆಚ್ಚು ಹಿಡಿಯುತ್ತಾರೆ, ಒಂದೇ ಸಲ ತೆಗೆದುಬಿಡಿ. ಪ್ರತಿಯೊಂದನ್ನೂ ಒಂದೇ ಪ್ಲೇಟು ತೆಗೆದುಕೊಂಡು ಹಂಚಿಕೊಂಡರೆ ಜಾಸ್ತಿ ರುಚಿ ನೋಡಬಹುದು, ಹೊಟ್ಟೆಯೂ ಕೆಡುವುದಿಲ್ಲ.

ಭಾನುವಾರ ಸಿಗದಿದ್ದರೆ? ಶನಿವಾರ ಊರಿನ ದಕ್ಷಿಣಕ್ಕೆ ವುವಾ ಲಾಯ್ ರಸ್ತೆಯಲ್ಲಿ ಇದೇ ತರಹದ ಸಂತೆ ಇದೆ, ಬೆಳ್ಳಿ ಕೆಲಸದವರ ಬೀದಿ ಅದು, ಸ್ವಲ್ಪ ಚಿಕ್ಕದು. ಉಳಿದ ದಿನ ಉತ್ತರದ ಚಾಂಗ್ ಫುವಾಕ್ ಬಾಗಿಲಿಗೆ ಹೋಗಿ. ಅಲ್ಲಿ ಆಟಿಕೆ ಇಲ್ಲ, ಬಟ್ಟೆ ಇಲ್ಲ, ಕಂದಕದ ಆಚೆ ರಸ್ತೆಯಲ್ಲಿ ಗಾಡಿಗಳು, ಸ್ಟೀಲ್ ಟೇಬಲ್ಲು, ಊಟ ಮಾತ್ರ. ಕೌಬಾಯ್ ಟೋಪಿ ಹಾಕಿಕೊಂಡು ಹಂದಿ ಕಾಲಿನ ಮಾಂಸ ಕೊಚ್ಚಿ ಅನ್ನದ ಮೇಲೆ ಹಾಕಿಕೊಡುವ ಹೆಂಗಸಿನ ಅಂಗಡಿ ಟೀವಿಯಲ್ಲಿ ಬಂದು ಎಲ್ಲರಿಗೂ ಗೊತ್ತಾಗಿದೆ, ಕ್ಯೂ ಉದ್ದ ಇರುತ್ತದೆ ಆದರೆ ಬೇಗ ಕರಗುತ್ತದೆ. ಮಾಂಸ ಚಮಚ ತಾಗಿದರೆ ಬಿಡಿಸಿಕೊಳ್ಳುವಷ್ಟು ಮೆತ್ತಗೆ, ಜೊತೆಗೆ ಅರೆಬೆಂದ ಮೊಟ್ಟೆ, ಸಾಸಿವೆ ಸೊಪ್ಪಿನ ಉಪ್ಪಿನಕಾಯಿ. ಮಾಂಸ ತಿನ್ನುವವರಿಗೆ ಭಾನುವಾರದ ಸಂತೆಗಿಂತ ಇದೇ ಮೇಲು ಅಂತ ನಾನು ಹೇಳುತ್ತೇನೆ. ಸಸ್ಯಾಹಾರಿಗಳಿಗೆ ಮಾತ್ರ ಅಲ್ಲಿ ಹಣ್ಣು, ಹಣ್ಣಿನ ರಸ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ, ಅತ್ತೆ ಆ ರಾತ್ರಿ ರೂಮಿನಲ್ಲೇ ಉಳಿದು ಬೆಂಗಳೂರಿನಿಂದ ತಂದಿದ್ದ ಗೊಜ್ಜವಲಕ್ಕಿ ನೆನೆಸಿಕೊಂಡು ತಿಂದರು. ನೀವೂ ಒಂದು ಪೊಟ್ಟಣ ಇಟ್ಟುಕೊಂಡಿರಿ.